ಮೈಸೂರು ‘ಮಸರ’ ಆದ ಕಥೆ

(ಯುವ ಕಾರ್ಯಕರ್ತರ ಶಿಬಿರದಲ್ಲಿ ಸಾಫ್ಟ್‌ವೇರ್ ಕೆಲಸಗಾರರೊಬ್ಬರು ಆಡಿದ ಮಾತುಗಳ ಬರಹ ರೂಪ)



ನನಗಿಂತ ಮೊದಲು ಮಾತಾಡಿದ ಹಿರಿಯರು ಅಂಗಡಿ ಬೋರ್ಡುಗಳ ಬಗ್ಗೆ ಹೇಳಿದರು. ಕನ್ನಡ ಎಲ್ಲಿರಬೇಕು, ಎಷ್ಟು ದೊಡ್ಡದಾಗಿರಬೇಕು ಎಂದೆಲ್ಲ. ನಾನು ಇನ್ನೊಂದು ಬೋರ್ಡಿನ ಬಗ್ಗೆ ಮಾತಾಡಲು ಬಂದವನು. ನಿಮ್ಮೆಲ್ಲರ ಜೇಬಿನಲ್ಲೂ ಅದು ಇದೆ. ಮೊಬೈಲ್ ತೆಗೆಯಿರಿ, ಬ್ರೌಸರ್ ತೆರೆಯಿರಿ, ಯಾವುದಾದರೂ ಒಂದು ಕನ್ನಡ ಸುದ್ದಿ ತಾಣಕ್ಕೆ ಹೋಗಿ. ಸುದ್ದಿ ಕನ್ನಡದಲ್ಲಿದೆ, ಶೀರ್ಷಿಕೆ ಕನ್ನಡದಲ್ಲಿದೆ, ಜಾಹೀರಾತೂ ಕನ್ನಡದಲ್ಲಿದೆ. ತಲೆಯ ಮೇಲಿರುವ ವಿಳಾಸದ ಪಟ್ಟಿ ನೋಡಿ. ಬಹುಪಾಲು ಕಡೆ ಅದು ಇಂಗ್ಲಿಷಿನಲ್ಲಿ ಇರುತ್ತದೆ. ಏಕೆ? ಯಾರು ಹಾಗೆ ಮಾಡಿದರು? ನಮ್ಮ ಹುಡುಗರೇ ಕಟ್ಟಿದ ತಾಣಗಳಲ್ಲವೆ ಇವು?

ಉತ್ತರ ಹೇಳಬೇಕಾದರೆ ಆ ವಿಳಾಸ ಒಳಗೆ ಹೋದ ಮೇಲೆ ಏನಾಗುತ್ತದೆ ಎಂದು ಹೇಳಬೇಕು. ಅದಕ್ಕೆ ರೂಟಿಂಗ್ ಎನ್ನುತ್ತಾರೆ. ಹೆದರಬೇಡಿ, ನೀವೆಲ್ಲ ಇದನ್ನು ಕಣ್ಣಾರೆ ಕಂಡವರೇ.

ತಾಲ್ಲೂಕು ಕಚೇರಿಗೆ ಹೋಗಿದ್ದೀರಿ ಅಂತಿಟ್ಟುಕೊಳ್ಳಿ. ಬಾಗಿಲಲ್ಲಿ ಒಬ್ಬ ಜವಾನ ಕೂತಿದ್ದಾನೆ. ‘ಪಹಣಿ ಬೇಕು’ ಅಂದರೆ ‘ಮೂರನೇ ಟೇಬಲ್’ ಅನ್ನುತ್ತಾನೆ. ‘ಜಾತಿ ಪ್ರಮಾಣಪತ್ರ’ ಅಂದರೆ ‘ಮಹಡಿ ಮೇಲೆ, ಎಡಗಡೆ’ ಅನ್ನುತ್ತಾನೆ. ಪಹಣಿ ಅವನು ಕೊಡುವುದಿಲ್ಲ, ಪ್ರಮಾಣಪತ್ರಕ್ಕೆ ಅವನು ಸಹಿ ಹಾಕುವುದಿಲ್ಲ. ಯಾರ ಬಳಿ ಹೋಗಬೇಕು ಎಂದಷ್ಟೇ ಹೇಳುತ್ತಾನೆ. ಸ್ವಲ್ಪ ಚುರುಕಿನ ಜವಾನನಾದರೆ ‘ಸರ್ವೆ ನಂಬರ್ ಎಷ್ಟು?’ ಎಂದು ಕೇಳಿ, ಚೀಟಿಯಲ್ಲಿ ಬರೆದು, ಆ ಚೀಟಿಯನ್ನು ಮೂರನೇ ಟೇಬಲ್ಲಿಗೆ ದಾಟಿಸುತ್ತಾನೆ. ಅವನ ಪಟ್ಟಿಯಲ್ಲಿ ಇಲ್ಲದ್ದನ್ನು ಕೇಳಿದಿರೋ, ‘ಅಂಥದ್ದು ಇಲ್ಲಿಲ್ಲ, ಹೋಗಿ’ ಎಂದುಬಿಡುತ್ತಾನೆ. ಕಂಪ್ಯೂಟರಿನಲ್ಲಿ ಆ ‘ಹೋಗಿ’ಗೆ ಒಂದು ನಂಬರ್ ಇದೆ: ೪೦೪.

ಈ ಜವಾನನೇ ರೂಟರ್. ಟೇಬಲ್ ಹಿಂದೆ ಕೂತ ಗುಮಾಸ್ತನೇ ವ್ಯೂ, ಅಂದರೆ ಕೆಲಸ ಮಾಡುವ ಫಂಕ್ಷನ್.

ವೆಬ್ಬಿನ ಮೊದಲ ದಿನಗಳಲ್ಲಿ ಸಾಮಾನ್ಯವಾಗಿ ಈ ಜವಾನ ಇರಲಿಲ್ಲ. ವಿಳಾಸ ಎಂದರೆ ಸರ್ವರಿನ ಡಿಸ್ಕಿನಲ್ಲಿ ಫೈಲು ಎಲ್ಲಿದೆ ಎಂಬುದೇ. ಇಂಥ ಬೀರು, ಇಂಥ ಖಾನೆ, ಇಂಥ ಫೈಲು. ಆಮೇಲೆ ಸ್ಕ್ರಿಪ್ಟುಗಳು ಬಂದವು. ಫೈಲಿನ ಹೆಸರು, ಮುಂದೆ ಪ್ರಶ್ನಾರ್ಥಕ ಚಿಹ್ನೆ, ಐಡಿ ಸಮ ೪೨! ಓದುವವನಿಗೆ ಏನೂ ತಿಳಿಯದು. ತಾಣದವರು ಎಎಸ್‌ಪಿ ಬಿಟ್ಟು ಪಿಎಚ್‌ಪಿಗೆ ಹೋದರೆ ಫೈಲಿನ ಬಾಲ ಬದಲಾಗಿ ಹಳೆಯ ವಿಳಾಸಗಳೆಲ್ಲ ಸತ್ತುಹೋಗುತ್ತಿದ್ದವು. ವೆಬ್ಬನ್ನು ಹುಟ್ಟಿಸಿದ ಟಿಮ್ ಬರ್ನರ್ಸ್-ಲೀ ೧೯೯೮ರಲ್ಲೇ ಇದರ ಬಗ್ಗೆ ಬರೆದು, ಒಳ್ಳೆಯ ವಿಳಾಸ ಬದಲಾಗಬಾರದು, ಒಳಗಿನ ಯಂತ್ರದ ಗುಟ್ಟು ವಿಳಾಸದಲ್ಲಿ ಕಾಣಬಾರದು ಎಂದು ವಾದಿಸಿದ್ದರು.

ನಾನು ದಿನಾ ಉಣ್ಣುವ ಅನ್ನ ಜ್ಯಾಂಗೊ ಎಂಬ ಫ್ರೇಮ್‌ವರ್ಕಿನದು. ಅದನ್ನೇ ಉದಾಹರಣೆಗೆ ಹಿಡಿಯುತ್ತೇನೆ. ಇದು ಹುಟ್ಟಿದ್ದು ದೊಡ್ಡ ಕಂಪನಿಯಲ್ಲಿ ಅಲ್ಲ ಎಂಬುದು ನಿಮಗೆ ಖುಷಿ ಕೊಡಬಹುದು. ಅಮೆರಿಕದ ಕ್ಯಾನ್ಸಸ್ ರಾಜ್ಯದ ಲಾರೆನ್ಸ್ ಎಂಬ ಊರಿನ ಪತ್ರಿಕೆ ಲಾರೆನ್ಸ್ ಜರ್ನಲ್-ವರ್ಲ್ಡ್. ಅಲ್ಲಿ ಕೆಲಸಕ್ಕಿದ್ದ ಏಡ್ರಿಯನ್ ಹೊಲೊವಾಟಿ ಮತ್ತು ಸೈಮನ್ ವಿಲಿಸನ್ ೨೦೦೩ರಲ್ಲಿ ಪತ್ರಿಕೆಯ ಗಡಿಬಿಡಿಗೆ ತಕ್ಕಂತೆ ಬೇಗ ಬೇಗ ತಾಣ ಕಟ್ಟಲು ಮಾಡಿಕೊಂಡ ಸಲಕರಣೆ ಇದು. ೨೦೦೫ರ ಜುಲೈನಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟರು. ಜ್ಯಾಂಗೊ ರೈನ್‌ಹಾರ್ಟ್ ಎಂಬ ಗಿಟಾರ್ ವಾದಕನ ಹೆಸರು ಇಟ್ಟರು. ಇಂಗ್ಲಿಷಿನಲ್ಲಿ ಬರೆಯುವಾಗ ಮುಂದೆ ಒಂದು ‘ಡಿ’ ಇದೆ, ಅದನ್ನು ಉಚ್ಚರಿಸುವುದಿಲ್ಲ. ನಮ್ಮ ಲಿಪಿಯಲ್ಲಿ ಆ ತಾಪತ್ರಯವಿಲ್ಲ.

ಜ್ಯಾಂಗೊದಲ್ಲಿ ಜವಾನನ ಪಟ್ಟಿ ಒಂದು ಫೈಲಿನಲ್ಲಿರುತ್ತದೆ. ಅದರ ಹೆಸರು ಯುಆರ್‌ಎಲ್ಸ್ ಡಾಟ್ ಪಿವೈ. ಒಂದೊಂದು ಸಾಲಿನಲ್ಲಿ ಎಡಕ್ಕೆ ವಿಳಾಸದ ಮಾದರಿ, ಬಲಕ್ಕೆ ಕೆಲಸಗಾರ ಫಂಕ್ಷನ್. ಬ್ರೌಸರಿನಿಂದ ಕೋರಿಕೆ ಬಂದಾಗ ಜ್ಯಾಂಗೊ ತಾಣದ ಹೆಸರನ್ನು ಬಿಟ್ಟು, ಪ್ರಶ್ನಾರ್ಥಕ ಚಿಹ್ನೆಯಿಂದಾಚೆ ಇರುವುದನ್ನೂ ಬಿಟ್ಟು, ನಡುವಿನ ಹಾದಿಯನ್ನಷ್ಟೇ ಹಿಡಿದುಕೊಂಡು ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ಓದುತ್ತದೆ. ಮೊದಲು ಹೊಂದಿದ ಸಾಲಿಗೆ ನಿಂತುಬಿಡುತ್ತದೆ. ಕೆಳಗೆ ಇನ್ನೂ ಚೆನ್ನಾಗಿ ಹೊಂದುವ ಸಾಲು ಇದ್ದರೂ ನೋಡುವುದಿಲ್ಲ!

ಇಲ್ಲೇ ಹೊಸಬರು ಎಡವುವುದು. ಮೇಲಿನ ಸಾಲು: ‘ಊರು’, ಆಮೇಲೆ ಯಾವುದಾದರೂ ಒಂದು ಹೆಸರು. ಕೆಳಗಿನ ಸಾಲು: ‘ಊರು’, ಆಮೇಲೆ ‘ಹೊಸದು’. ಎರಡನೆಯದು ಹೊಸ ಊರನ್ನು ಸೇರಿಸುವ ಪುಟ. ಅದನ್ನು ಒತ್ತಿದರೆ ಜ್ಯಾಂಗೊ ‘ಹೊಸದು’ ಎಂಬ ಹೆಸರಿನ ಊರು ಹುಡುಕಲು ಹೊರಡುತ್ತದೆ. ಸಿಗುವುದಿಲ್ಲ. ನೀವು ತಲೆ ಕೆರೆದುಕೊಳ್ಳುತ್ತೀರಿ. ಎರಡು ಸಾಲುಗಳನ್ನು ಮೇಲೆ ಕೆಳಗೆ ಮಾಡಿದರೆ ಸರಿಹೋಯಿತು. ಇಡಿಯಾದ ಒಂದು ಸಂಜೆ ನಾನು ಇದಕ್ಕೆ ತೆತ್ತಿದ್ದೇನೆ.

ವಿಳಾಸದ ಬದಲಾಗುವ ಭಾಗವನ್ನು ಹಿಡಿಯುವುದಕ್ಕೆ ಕನ್ವರ್ಟರ್ ಎನ್ನುತ್ತಾರೆ. ಜವಾನ ಸರ್ವೆ ನಂಬರನ್ನು ಚೀಟಿಯಲ್ಲಿ ಬರೆದದ್ದು ಇದೇ. ೨೦೧೭ರ ಡಿಸೆಂಬರಿನಲ್ಲಿ ಬಂದ ಜ್ಯಾಂಗೊ ೨.೦ರಿಂದ ಇವು ಇವೆ. ಅದಕ್ಕೂ ಮೊದಲು ರೆಗ್ಯುಲರ್ ಎಕ್ಸ್‌ಪ್ರೆಷನ್ ಎಂಬ ಚಿಹ್ನೆಗಳ ಭಾಷೆಯಲ್ಲಿ ಬರೆಯಬೇಕಿತ್ತು, ಕಣ್ಣು ಉರಿಯುತ್ತಿತ್ತು. ಈಗ ಐದು ಸಿದ್ಧ ಕನ್ವರ್ಟರುಗಳಿವೆ. ಸ್ಟರ್ ಎಂದರೆ ಓರೆಗೆರೆ ಬಿಟ್ಟು ಯಾವ ಅಕ್ಷರವಾದರೂ ಸೈ. ಇಂಟ್ ಎಂದರೆ ಅಂಕಿ. ಸ್ಲಗ್ ಎಂದರೆ ಅಕ್ಷರ, ಅಂಕಿ, ಅಡ್ಡಗೆರೆ. ಉಳಿದೆರಡು ಯುಯುಐಡಿ ಮತ್ತು ಪಾತ್, ಇವತ್ತು ಅವು ಬೇಡ. ಸ್ಲಗ್ ಎಂಬ ಹೆಸರು ನೆನಪಿಡಿ, ಕಥೆಯ ಖಳನಾಯಕ ಅವನೇ.

ದೊಡ್ಡ ತಾಣವಾದರೆ ಒಂದೇ ಪಟ್ಟಿ ಸಾಲದು. ಆಗ ಹೆಬ್ಬಾಗಿಲಿನ ಜವಾನ ‘ಸುದ್ದಿ ಎಂದು ಶುರುವಾದದ್ದೆಲ್ಲ ಆ ವಿಭಾಗಕ್ಕೆ’ ಎಂದು ಕಳಿಸುತ್ತಾನೆ. ಆ ಭಾಗವನ್ನು ಕತ್ತರಿಸಿಕೊಂಡು ಉಳಿದ ಬಾಲವನ್ನು ಮಾತ್ರ ವಿಭಾಗದ ಜವಾನನಿಗೆ ಕೊಡುತ್ತಾನೆ. ಇದು ಇನ್‌ಕ್ಲೂಡ್. ಬೇರೆ ಫ್ರೇಮ್‌ವರ್ಕುಗಳಲ್ಲಿ ಪದ್ಧತಿ ಬೇರೆ. ಫ್ಲಾಸ್ಕಿನಲ್ಲಿ ಸಾಮಾನ್ಯವಾಗಿ ಪ್ರತಿ ಫಂಕ್ಷನ್ನಿನ ನೆತ್ತಿಯ ಮೇಲೇ ಅದರ ವಿಳಾಸ ಬರೆಯುತ್ತಾರೆ. ರೈಲ್ಸ್‌ನಲ್ಲಿ ವಿಳಾಸದ ಜೊತೆಗೆ ಬಂದವನು ನೋಡಲು ಬಂದನೋ, ಕೊಡಲು ಬಂದನೋ ಎಂಬುದನ್ನೂ ಪಟ್ಟಿಯಲ್ಲೇ ಬರೆಯುತ್ತಾರೆ. ಜ್ಯಾಂಗೊ ಜವಾನ ಅದನ್ನು ಕೇಳುವುದಿಲ್ಲ, ಟೇಬಲ್ಲಿನವನು ವಿಚಾರಿಸಿಕೊಳ್ಳಲಿ ಎಂದು ಬಿಡುತ್ತಾನೆ.

ಇನ್ನೊಂದು ಸೊಗಸಾದ ವಿಷಯವಿದೆ. ಪಟ್ಟಿಯ ಪ್ರತಿ ಸಾಲಿಗೂ ಒಂದು ಹೆಸರು ಇಡಬಹುದು. ಪುಟಗಳಲ್ಲಿ ಕೊಂಡಿ ಕೊಡುವಾಗ ಪೂರ್ತಿ ವಿಳಾಸ ಬರೆಯದೆ ‘ಊರಿನ ಪುಟ’ ಎಂಬ ಹೆಸರನ್ನಷ್ಟೇ ಬರೆದರೆ ಜ್ಯಾಂಗೊ ಹಿಮ್ಮುಖವಾಗಿ ಹೋಗಿ ವಿಳಾಸ ಕಟ್ಟಿಕೊಡುತ್ತದೆ. ಇದು ರಿವರ್ಸ್. ಇದರ ಬೆಲೆ ತಿಳಿಯಬೇಕಾದರೆ ೨೦೧೪ರ ನವೆಂಬರ್ ೧ ನೆನಪು ಮಾಡಿಕೊಳ್ಳಿ. ಅಂದು ನಮ್ಮ ೧೨ ಊರುಗಳ ಇಂಗ್ಲಿಷ್ ಹೆಸರು ಬದಲಾದವು. ಬ್ಯಾಂಗಲೋರ್ ಹೋಗಿ ಬೆಂಗಳೂರು, ಬೆಲ್‌ಗಾಮ್ ಹೋಗಿ ಬೆಳಗಾವಿ, ಗುಲ್ಬರ್ಗ ಹೋಗಿ ಕಲಬುರಗಿ. ಪುಟ ಪುಟದಲ್ಲೂ ‘ಬ್ಯಾಂಗಲೋರ್’ ಎಂದು ಕೈಯಾರೆ ವಿಳಾಸ ಬರೆದಿಟ್ಟವನು ಒಂದೊಂದನ್ನೂ ಹುಡುಕಿ ತಿದ್ದಬೇಕು. ಹೆಸರಿಟ್ಟು ಕೊಂಡಿ ಕೊಟ್ಟವನು ಪಟ್ಟಿಯ ಒಂದು ಸಾಲು ತಿದ್ದಿದರೆ ಸಾಕು. ಹಳೆಯ ವಿಳಾಸಕ್ಕೆ ಬಂದವರನ್ನು ‘ಅಣ್ಣಾ, ಕಚೇರಿ ಈಗ ಅಲ್ಲಿದೆ’ ಎಂದು ಹೊಸ ವಿಳಾಸಕ್ಕೆ ಕಳಿಸುವ ಇನ್ನೊಂದು ಸಾಲನ್ನೂ ಸೇರಿಸಬೇಕು. ಅದರ ನಂಬರ್ ೩೦೧, ಶಾಶ್ವತ ಬದಲಾವಣೆ. ಶಾಶ್ವತ ಎಂದರೆ ಬ್ರೌಸರುಗಳು ಅದನ್ನು ನೆನಪಿಟ್ಟುಕೊಳ್ಳುತ್ತವೆ, ಹಾಗಾಗಿ ಖಾತ್ರಿಯಾದ ಮೇಲೆ ಮಾತ್ರ ಹಾಕಿ.

ಈಗ ನನ್ನ ಕಥೆಗೆ ಬರುತ್ತೇನೆ.

ಕೆಲವು ವರ್ಷಗಳ ಹಿಂದೆ ನಾವು ಮೂರು ನಾಲ್ಕು ಗೆಳೆಯರು ಸೇರಿ ಕರ್ನಾಟಕದ ಊರುಗಳ ಹೆಸರಿನ ತಾಣವೊಂದನ್ನು ಕಟ್ಟಲು ಕೂತೆವು. ಊರಿಗೊಂದು ಪುಟ. ವಿಳಾಸವೂ ಕನ್ನಡದಲ್ಲೇ ಇರಬೇಕು ಎಂದು ಹಠ. ಹೆಸರಿನಿಂದ ವಿಳಾಸ ತಯಾರಿಸಲು ಜ್ಯಾಂಗೊದಲ್ಲಿ ಸ್ಲಗಿಫೈ ಎಂಬ ಫಂಕ್ಷನ್ ಇದೆ. ಖಾಲಿ ಜಾಗವನ್ನು ಅಡ್ಡಗೆರೆ ಮಾಡುತ್ತದೆ, ಬೇಡದ ಚಿಹ್ನೆಗಳನ್ನು ಕಿತ್ತುಹಾಕುತ್ತದೆ. ನಾನು ಮೊದಲ ಊರು ಕೊಟ್ಟೆ: ಗದಗ. ಏನು ಬಂತು ಗೊತ್ತೆ? ಏನೂ ಬರಲಿಲ್ಲ. ಖಾಲಿ! ಅದರ ಕಣ್ಣಿಗೆ ಕನ್ನಡದ ಮೂರು ಅಕ್ಷರಗಳೂ ‘ಬೇಡದ ಚಿಹ್ನೆ’ಗಳೇ. ಇಂಗ್ಲಿಷಿನ ಮೂಲ ಅಕ್ಷರಕೋಶದಲ್ಲಿ ಇಲ್ಲದ್ದನ್ನೆಲ್ಲ ಅದು ಬಿಸಾಡುತ್ತದೆ. ಸ್ಲಗ್ ಖಾಲಿ ಇದ್ದುದರಿಂದ ವಿಳಾಸ ಕಟ್ಟಲಾಗದೆ ಊರುಗಳ ಪಟ್ಟಿಯ ಪುಟವೇ ಕುಸಿದು ಬಿತ್ತು.

ದಾಖಲೆ ಓದಿದೆ. ಅಲೌ ಯೂನಿಕೋಡ್ ಎಂಬ ಸ್ವಿಚ್ ಇದೆಯಂತೆ, ೨೦೧೫ರ ಕೊನೆಗೆ ಬಂದ ೧.೯ನೇ ಆವೃತ್ತಿಯಿಂದ. ಹಾಕಿದೆ. ‘ಗದಗ’ ಹಾಗೇ ಬಂತು. ಆದರೂ ಪುಟ ತೆರೆಯಲಿಲ್ಲ! ಏಕೆಂದರೆ ವಿಳಾಸ ತಯಾರಿಸುವ ಸ್ಲಗಿಫೈ ಬೇರೆ, ಬಾಗಿಲಲ್ಲಿ ಹಿಡಿಯುವ ಸ್ಲಗ್ ಕನ್ವರ್ಟರ್ ಬೇರೆ. ಆ ಕನ್ವರ್ಟರಿಗೆ ಗೊತ್ತಿರುವುದು ಎ ಇಂದ ಝಡ್, ಸೊನ್ನೆಯಿಂದ ಒಂಬತ್ತು, ಅಡ್ಡಗೆರೆ, ಅಡಿಗೆರೆ. ಅದಕ್ಕೆ ಯಾವ ಸ್ವಿಚ್ಚೂ ಇಲ್ಲ. ಅದನ್ನು ಕಿತ್ತು ಸ್ಟರ್ ಹಾಕಿದೆ. ಗದಗದ ಪುಟ ತೆರೆಯಿತು. ಗೆಳೆಯರೆಲ್ಲ ಚಹಾ ಕುಡಿದು ಸಂಭ್ರಮಿಸಿದೆವು. ರಾತ್ರಿ ಕೂತು ಉಳಿದ ಊರುಗಳನ್ನೂ ತುಂಬಿದೆ.

ಮಾರನೆಯ ದಿನ ಹಾವೇರಿ ಕಡೆಯ ಗೆಳೆಯನ ಫೋನು. ‘ಮಾಸೂರು ಒತ್ತಿದ್ರೆ ಮೈಸೂರು ಬರ್ತದಲ್ಲೋ ಮಾರಾಯ!’ ಅವನ ಜಿಲ್ಲೆಯ ಮಾಸೂರು ಅದು. ವಿಳಾಸದ ಪಟ್ಟಿ ನೋಡಿದೆ. ಎರಡು ಊರಿಗೂ ಒಂದೇ ವಿಳಾಸ: ‘ಮಸರ’. ಮೊದಲು ಸಿಕ್ಕಿದ್ದನ್ನು ತೋರಿಸು ಎಂದು ನಾನೇ ಬರೆದಿದ್ದೆ, ಹಾಗಾಗಿ ಮೈಸೂರು ಬರುತ್ತಿತ್ತು. ಬೆಂಗಳೂರು ‘ಬಗಳರ’ ಆಗಿತ್ತು. ಕೋಲಾರ ‘ಕಲರ’. ಧಾರವಾಡ ‘ಧರವಡ’. ಗುಣಿತಾಕ್ಷರದ ಕೊಂಬು, ದೀರ್ಘ, ಐತ್ವ, ಅನುಸ್ವಾರ ಎಲ್ಲವನ್ನೂ ಯಾರೋ ಬೋಳಿಸಿದ್ದರು! ಮೊಸರಿಗೊಂದು ಪುಟ ಮಾಡಿದ್ದರೆ ಅದೂ ‘ಮಸರ’ವೇ. ಹೆಸರಿನಲ್ಲಿ ಒಂದೂ ಗುಣಿತ ಚಿಹ್ನೆ ಇಲ್ಲದ ಗದಗ ಮಾತ್ರ ಬಚಾವ್. ನನ್ನ ಗ್ರಹಚಾರಕ್ಕೆ ನಾನು ಪರೀಕ್ಷೆಗೆ ಆರಿಸಿಕೊಂಡದ್ದು ಅದನ್ನೇ.

ಏಕೆ ಹೀಗಾಯಿತು? ಯೂನಿಕೋಡ್‌ನಲ್ಲಿ ‘ಮ’ ಒಂದು ಅಕ್ಷರ, ಅದಕ್ಕೆ ಅಂಟುವ ಐತ್ವದ ಚಿಹ್ನೆ ಬೇರೆಯೇ ಒಂದು ಸಂಕೇತ. ಮೊದಲನೆಯದರ ವರ್ಗ ‘ಅಕ್ಷರ’, ಎರಡನೆಯದರ ವರ್ಗ ‘ಗುರುತು’. ಪೈಥಾನ್ ಭಾಷೆಯ ರೆಗ್ಯುಲರ್ ಎಕ್ಸ್‌ಪ್ರೆಷನ್‌ನಲ್ಲಿ ‘ಪದದೊಳಗೆ ಬರಬಹುದಾದದ್ದು’ ಎಂಬ ಒಂದು ಸಂಕ್ಷೇಪ ಇದೆ. ಅದರಲ್ಲಿ ಅಕ್ಷರಗಳಿವೆ, ಅಂಕಿಗಳಿವೆ, ಅಡಿಗೆರೆ ಇದೆ. ಗುರುತುಗಳಿಲ್ಲ. ಸ್ಲಗಿಫೈ ಅದನ್ನೇ ನಂಬಿ ಉಳಿದದ್ದನ್ನು ಕಿತ್ತುಹಾಕುತ್ತದೆ. ಫ್ರೆಂಚರ ಕೊಂಬುಳ್ಳ ಅಕ್ಷರ ಒಂದೇ ಸಂಕೇತವಾಗಿ ಕೂಡಿಕೊಳ್ಳುವುದರಿಂದ ಪಾಸಾಗುತ್ತದೆ. ಕನ್ನಡ, ಹಿಂದಿ, ತಮಿಳು, ತೆಲುಗು, ಮಲಯಾಳಂ ಎಲ್ಲಕ್ಕೂ ಕತ್ತರಿ ಬೀಳುತ್ತದೆ. ಯೂನಿಕೋಡಿನವರ ಸ್ವಂತ ಶಿಫಾರಸಿನಲ್ಲಿ ಈ ಗುರುತುಗಳನ್ನೂ ಪದದ ಭಾಗವೆಂದೇ ಎಣಿಸಬೇಕು ಎಂದಿದೆ. ಪೈಥಾನಿನ ಆ ಸಂಕ್ಷೇಪ ಅದನ್ನು ಪಾಲಿಸುತ್ತಿಲ್ಲ.

ಹಿಂದಿನ ಸಾಲಿನ ತಮ್ಮ ಕೈ ಎತ್ತಿದ್ದಾನೆ. ‘ಇದು ಬೇಕಂತಲೇ ಮಾಡಿದ್ದಾ ಅಣ್ಣಾ?’ ಅಂತ. ಇಲ್ಲಪ್ಪ. ಕ್ಯಾನ್ಸಸ್‌ನಲ್ಲಿ ಕೂತವನಿಗೆ ಮಾಸೂರು ಹೇಗೆ ಗೊತ್ತಿರಬೇಕು? ಗೊತ್ತಿದ್ದ ನಾವು ಏನು ಮಾಡಿದೆವು? ನಮ್ಮ ಊರಿನಲ್ಲೇ ಎಷ್ಟು ಜನ ಇದರಲ್ಲೇ ದುಡಿಯುತ್ತಿದ್ದೇವೆ! ಗುಣಿತ ಉದುರಿದ್ದನ್ನು ಕಂಡೊಡನೆ ‘ಅಯ್ಯೋ ಇಂಗ್ಲಿಷಿನಲ್ಲೇ ಹಾಕು’ ಎಂದು ಮುಂದೆ ಹೋದವರು ನಾವು. ಇದು ತೆರೆದ ಸಾಫ್ಟ್‌ವೇರ್. ದೋಷ ಕಂಡವರು ಯಾರು ಬೇಕಾದರೂ ಬರೆದು ತಿಳಿಸಬಹುದು, ತಿದ್ದಿ ಕಳಿಸಬಹುದು. ಬೀದಿಗೆ ಇಳಿಯುವ ಅಗತ್ಯವೇ ಇಲ್ಲದ ಹೋರಾಟ ಇದು, ಆದರೆ ರಾತ್ರಿ ನಿದ್ದೆ ಕೆಡಬೇಕು.

ನಾವು ಮಾಡಿಕೊಂಡ ಪರಿಹಾರ ಹೇಳುತ್ತೇನೆ, ಬರೆದುಕೊಳ್ಳಿ. ಸ್ಲಗಿಫೈಯನ್ನು ಕೈಬಿಟ್ಟೆವು. ನಮ್ಮದೇ ಪುಟ್ಟ ಫಂಕ್ಷನ್ ಬರೆದೆವು. ಪ್ರತಿ ಸಂಕೇತದ ಯೂನಿಕೋಡ್ ವರ್ಗ ನೋಡು, ಅಕ್ಷರ, ಗುರುತು, ಅಂಕಿ ಆದರೆ ಇಟ್ಟುಕೋ, ಖಾಲಿ ಜಾಗವಾದರೆ ಅಡ್ಡಗೆರೆ ಹಾಕು, ಉಳಿದದ್ದು ಬಿಡು. ಅದಕ್ಕೂ ಮೊದಲು ಎನ್‌ಎಫ್‌ಸಿ ಎಂಬ ರೂಪಕ್ಕೆ ತಂದೆವು. ಏಕೆಂದರೆ ‘ಕೋ’ ಎಂಬುದರ ಓತ್ವ ಒಂದೇ ಸಂಕೇತವಾಗಿಯೂ ಬರಬಹುದು, ಬಿಡಿ ತುಂಡುಗಳಾಗಿಯೂ ಬರಬಹುದು. ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಎರಡು. ‘ಸಾಫ್ಟ್‌ವೇರ್’ ಥರದ ಪದಗಳಲ್ಲಿ ಅರ್ಧಾಕ್ಷರ ಒತ್ತಾಗದಂತೆ ತಡೆಯುವ ಒಂದು ಕಾಣದ ಸಂಕೇತ ಕೂತಿರುತ್ತದೆ. ಅದು ವಿಳಾಸದಲ್ಲಿ ಉಳಿದರೆ, ಕೀಲಿಮಣೆಯಲ್ಲಿ ಅದಿಲ್ಲದೆ ಒತ್ತಿದವನಿಗೆ ೪೦೪. ನಾವು ಅದನ್ನು ವಿಳಾಸದಿಂದ ತೆಗೆದೆವು, ಪುಟದ ಶೀರ್ಷಿಕೆಯಲ್ಲಿ ಉಳಿಸಿದೆವು.

ಇನ್ನು ಬಾಗಿಲು. ಜ್ಯಾಂಗೊದಲ್ಲಿ ನಮ್ಮದೇ ಕನ್ವರ್ಟರ್ ಬರೆದು ನೋಂದಾಯಿಸಬಹುದು. ಮೂರೇ ಅಂಗ ಬೇಕು: ಯಾವ ಮಾದರಿ ಹಿಡಿಯಬೇಕು, ಒಳಗೆ ಬರುವಾಗ ಏನು ಮಾಡಬೇಕು, ಹೊರಗೆ ಹೋಗುವಾಗ ಏನು ಮಾಡಬೇಕು. ಒಳಗೆ ಬಂದದ್ದನ್ನು ಅದೇ ಎನ್‌ಎಫ್‌ಸಿ ರೂಪಕ್ಕೆ ತಂದು, ಆ ಕಾಣದ ಸಂಕೇತವನ್ನು ಇಲ್ಲೂ ತೆಗೆದು ಗುಮಾಸ್ತನಿಗೆ ಕೊಟ್ಟೆವು. ಅಲ್ಲಿಗೆ ಮಾಸೂರು ಮಾಸೂರಾಯಿತು. ಒಂದು ಎಚ್ಚರಿಕೆ: ಡೇಟಾಬೇಸಿನಲ್ಲಿ ಸ್ಲಗ್ ಫೀಲ್ಡ್ ಇಡಬೇಡಿ. ಯೂನಿಕೋಡ್ ಸ್ವಿಚ್ ಹಾಕಿದ್ದರೂ ಅದರ ಫಾರಂ ‘ಮೈಸೂರು’ ಎಂದು ಕೈಯಾರೆ ಒತ್ತಿದ್ದನ್ನೂ ತಪ್ಪು ಎಂದು ತಿರುಗಿಸುತ್ತದೆ, ಅದೇ ಗುರುತಿನ ಜಗಳ. ಸಾದಾ ಅಕ್ಷರದ ಫೀಲ್ಡ್ ಇಡಿ, ಒಂದೇ ಹೆಸರು ಎರಡು ಸಲ ಬರಬಾರದು ಎಂಬ ಕಟ್ಟು ಹಾಕಿ. ಆ ಕಟ್ಟು ಮೊದಲೇ ಹಾಕಿದ್ದರೆ ಮಾಸೂರನ್ನು ತುಂಬುವಾಗಲೇ ಕಂಪ್ಯೂಟರ್ ಕೂಗಿಕೊಳ್ಳುತ್ತಿತ್ತು.

ಅಂಕಿಯ ಕಥೆ ಇನ್ನೂ ವಿಚಿತ್ರ. ಪೈಥಾನಿಗೆ ‘೨೦೨೪’ ಎಂದು ಕನ್ನಡ ಅಂಕಿಯಲ್ಲಿ ಕೊಟ್ಟು ಇದನ್ನು ಸಂಖ್ಯೆ ಮಾಡು ಅಂದರೆ ಚಕಾರ ಎತ್ತದೆ ಮಾಡುತ್ತದೆ. ಆದರೆ ಜ್ಯಾಂಗೊದ ಇಂಟ್ ಕನ್ವರ್ಟರ್ ಇಂಗ್ಲಿಷ್ ಅಂಕಿಗಳನ್ನು ಮಾತ್ರ ಒಳಗೆ ಬಿಡುತ್ತದೆ. ಅಂದರೆ ಒಳಗಿನ ಗುಮಾಸ್ತನಿಗೆ ಕನ್ನಡ ಬರುತ್ತದೆ, ಬಾಗಿಲಿನವನು ಒಳಗೇ ಬಿಡುವುದಿಲ್ಲ! ಇದನ್ನು ನೀವು ಎಷ್ಟು ಕಚೇರಿಗಳಲ್ಲಿ ನೋಡಿಲ್ಲ? ಎರಡೂ ಬಗೆಯ ಅಂಕಿ ಹಿಡಿಯುವ ಕನ್ವರ್ಟರ್ ಬರೆದು, ಒಂದು ಬಗೆಯ ವಿಳಾಸವನ್ನು ಇನ್ನೊಂದಕ್ಕೆ ತಿರುಗಿಸಿ ಬಿಡಿ. ಒಂದು ಪುಟಕ್ಕೆ ಎರಡು ವಿಳಾಸ ಉಳಿಯಬಾರದು.

ಕನ್ನಡ ವಿಳಾಸಕ್ಕೆ ವಿರೋಧ ಹೇಳುವವರ ಒಂದು ಮಾತು ನಿಜ, ಅದನ್ನು ಮುಚ್ಚಿಡುವುದಿಲ್ಲ. ತಂತಿಯ ಮೇಲೆ ಹೋಗುವಾಗ ಕನ್ನಡದ ಒಂದು ಸಂಕೇತ ಮೂರು ಬೈಟ್ ಆಗುತ್ತದೆ. ವಿಳಾಸದಲ್ಲಿ ಒಂದೊಂದು ಬೈಟೂ ಶೇಕಡಾ ಚಿಹ್ನೆ ಮತ್ತು ಎರಡು ಅಕ್ಷರವಾಗುತ್ತದೆ. ಒಂದಕ್ಕೆ ಒಂಬತ್ತು! ‘ಮೈಸೂರು’ ಎಂಬ ಆರು ಸಂಕೇತ ೫೪ ಅಕ್ಷರಗಳಾಗುತ್ತದೆ. ಬ್ರೌಸರಿನಲ್ಲಿ ಚೆಂದದ ಕನ್ನಡವಾಗಿ ಕಂಡದ್ದನ್ನು ನಕಲು ಮಾಡಿ ವಾಟ್ಸಾಪಿಗೆ ಅಂಟಿಸಿದರೆ ಎಷ್ಟೋ ಸಲ ಶೇಕಡಾ ಚಿಹ್ನೆಗಳ ಉದ್ದ ರೈಲು ಬಂದು ನಿಲ್ಲುತ್ತದೆ. ಅದನ್ನು ಕಂಡು ವೈರಸ್ ಎಂದು ಹೆದರಿದ ನೆಂಟರು ನನಗಿದ್ದಾರೆ. ಹಾಗಿದ್ದರೂ ಕನ್ನಡ ವಿಕಿಪೀಡಿಯ ತನ್ನ ಲೇಖನಗಳ ವಿಳಾಸವನ್ನು ಕನ್ನಡದಲ್ಲೇ ಇಟ್ಟು ನಡೆಸುತ್ತಿದೆ, ತೊಂದರೆಯಾಗಿಲ್ಲ. ನಮ್ಮ ತಾಣದಲ್ಲಿ ನಾವು ನಡುದಾರಿ ಹಿಡಿದೆವು. ‘ಊರು’, ಆಮೇಲೆ ಊರಿನ ನಂಬರು, ಆಮೇಲೆ ಹೆಸರು. ಹುಡುಕುವುದು ನಂಬರಿನಿಂದ. ಹೆಸರು ಓದುವವರಿಗಾಗಿ. ನಂಬರಿನವರೆಗೆ ಮಾತ್ರ ಕತ್ತರಿಸಿ ಕಳಿಸಿದರೂ ಪುಟ ತೆರೆಯುತ್ತದೆ, ಪೋಸ್ಟರಿನಲ್ಲಿ ಅಚ್ಚು ಹಾಕಿಸುವಾಗ ಅದು ಅನುಕೂಲ. ತಾಣದ ಹೆಸರಿನ ಮಾತೇ ಬೇರೆ. ಕನ್ನಡ ಲಿಪಿಯಲ್ಲಿ ‘ಡಾಟ್ ಭಾರತ’ ಇದೆ, ಆದರೆ ಅದು ಜವಾನನ ತನಕ ಬರುವ ವಿಷಯವಲ್ಲ, ಇನ್ನೊಮ್ಮೆ ಹೇಳುತ್ತೇನೆ.

ಊಟಕ್ಕೆ ಕರೆಯುತ್ತಿದ್ದಾರೆ. ಊಟ ಮುಗಿದ ಮೇಲೆ ಲ್ಯಾಪ್‌ಟಾಪ್ ತಂದವರು ಈ ಕಡೆಯ ಕೋಣೆಗೆ ಬನ್ನಿ. ಜ್ಯಾಂಗೊ ಹಾಕಿಕೊಳ್ಳಲು ಐದು ನಿಮಿಷ. ನಿಮ್ಮ ನಿಮ್ಮ ಊರಿನ ಹೆಸರನ್ನು ಸ್ಲಗಿಫೈಗೆ ಕೊಡಿ, ಸ್ವಿಚ್ ಹಾಕಿಯೂ ಕೊಡಿ, ಏನು ಬಂತು ಎಂದು ಕಾಗದದಲ್ಲಿ ಬರೆಯಿರಿ. ಒಂದೇ ವಿಳಾಸಕ್ಕೆ ಬಿದ್ದ ಊರುಗಳು ಎಷ್ಟು ಜೋಡಿ ಸಿಗುತ್ತವೆ ನೋಡೋಣ. ಗದಗದವರು ಮಾತ್ರ ಜಿಲ್ಲೆಯ ಹೆಸರು ಬಿಟ್ಟು ತಮ್ಮ ಹಳ್ಳಿಯ ಹೆಸರು ಕೊಡಿ.